ನೀರಿನ ಟ್ಯಾಂಕಿಗೆ ಬಂದ ಎರಡು ಅರ್ಜಿ

ನಮ್ಮ ಲೇಔಟಿನ ಮಿನಿಟ್ಸ್ ಪುಸ್ತಕ ಇನ್ನೂ ನನ್ನ ಹತ್ತಿರವೇ ಇದೆ. ಉದ್ದನೆಯ ಪುಸ್ತಕ, ಕೆಂಪು ರಟ್ಟು, ಮೂಲೆಯಲ್ಲಿ ಕಾಫಿ ಲೋಟದ ಗುರುತು. ನನ್ನನ್ನು ಕಾರ್ಯದರ್ಶಿ ಮಾಡಿದ್ದು ಬುದ್ಧಿ ಜಾಸ್ತಿ ಇದೆ ಅಂತಲ್ಲ, ಅಕ್ಷರ ದುಂಡಗಿದೆ ಅಂತ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಡ್ಜರ್ ಬರೆದ ಕೈ ಇದು.

ಅದರಲ್ಲಿ 2023ರ ಜೂನ್ ತಿಂಗಳ ಒಂದು ಭಾನುವಾರದ ಪುಟವನ್ನು ಮೊನ್ನೆ ಮತ್ತೆ ಓದಿದೆ. ಮೊದಲೆರಡು ವಿಷಯ ಮಾಮೂಲಿ. ಬೀದಿನಾಯಿ, ಪಾರ್ಕಿನ ಗೇಟು. ಮೂರನೆಯದು: ಮೂಲೆ ಸೈಟಿನವರು ಒಂದು ಇಂಚಿನ ನೀರಿನ ಕನೆಕ್ಷನ್ ಕೇಳಿದ್ದಾರೆ. ನಾಲ್ಕನೆಯದು: ಓವರ್‌ಹೆಡ್ ಟ್ಯಾಂಕಿನ ಮೇಲೆ ಆಂಟೆನಾ ಇಡಲು ಮೊಬೈಲ್ ಕಂಪನಿಯವರು ಅನುಮತಿ ಕೇಳಿದ್ದಾರೆ. ಎರಡರ ಮುಂದೆಯೂ ನನ್ನದೇ ಅಕ್ಷರದಲ್ಲಿ "ಚರ್ಚಿಸಲಾಯಿತು" ಅಂತ ಇದೆ. ಆ ಒಂದು ಪದದೊಳಗೆ ಎಷ್ಟು ಕೂಗಾಟ ಹಿಡಿಸಿದ್ದೇನೆ ಅಂತ ನೆನೆಸಿಕೊಂಡು ನಗು ಬಂತು.

ನಮ್ಮದು ಊರ ಅಂಚಿನ ಲೇಔಟು. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, ಜೊತೆಗೆ 110 ಹಳ್ಳಿಗಳನ್ನು ಸೇರಿಸಿ ಬೆಂಗಳೂರನ್ನು 'ಬೃಹತ್' ಮಾಡಿದರಲ್ಲ, ಆ 110ರಲ್ಲಿ ಒಂದು ಹಳ್ಳಿಯ ಹೊಲಗದ್ದೆ ನಾವು ಈಗ ಮನೆ ಕಟ್ಟಿಕೊಂಡಿರುವ ಜಾಗ. ವಿಳಾಸಕ್ಕೆ ಬೆಂಗಳೂರು ಬಂತು. ನಲ್ಲಿಗೆ ಕಾವೇರಿ ಬರಲಿಲ್ಲ. ಲೇಔಟ್ ಮಾಡಿದವರು ಪಾರ್ಕಿನ ಮೂಲೆಯಲ್ಲಿ ಒಂದು ಲಕ್ಷ ಲೀಟರಿನ ಟ್ಯಾಂಕು ಕಟ್ಟಿಸಿ, ಎರಡು ಬೋರ್‌ವೆಲ್ ಕೊರೆಸಿ, ಪಂಪ್‌ರೂಮಿನ ಬೀಗದ ಕೈಯನ್ನು ಸಂಘದ ಅಧ್ಯಕ್ಷರ ಕೈಗೆ ಕೊಟ್ಟು ಹೋದರು. ಅವತ್ತಿನಿಂದ ನಾವು ಐದು ಜನರೇ ನಮ್ಮ ಜಲಮಂಡಳಿ.

ಅಧ್ಯಕ್ಷರು ಎಚ್‌ಎಂಟಿಯಲ್ಲಿ ಇದ್ದು ನಿವೃತ್ತರಾದವರು. ಒಬ್ಬರು ಫಿಸಿಕ್ಸ್ ಮೇಷ್ಟ್ರು. ಖಜಾಂಚಿ ಸಾಫ್ಟ್‌ವೇರ್ ಹುಡುಗ. ಮತ್ತೊಬ್ಬರು ಮನೆಯಲ್ಲೇ ಟೈಲರಿಂಗ್ ಮಾಡುವವರು, ಲೇಔಟಿನ ಎಲ್ಲರ ಅಳತೆಯೂ ಅವರಿಗೆ ಗೊತ್ತು, ಎಲ್ಲ ಅರ್ಥದಲ್ಲೂ. ಐದನೆಯವಳು ನಾನು. ಇವರೆಲ್ಲರಿಗಿಂತ ಮುಖ್ಯ ನಮ್ಮ ನೀರುಗಂಟಿ. ಸಂಬಳದ ಪಟ್ಟಿಯಲ್ಲಿ ವಾಟರ್‌ಮನ್ ಅಂತ ಬರೆದರೂ ಹಳ್ಳಿಯವರು ಅವರನ್ನು ನೀರುಗಂಟಿ ಅಂತಲೇ ಕರೆಯುವುದು. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುತ್ತಿದ್ದವರ ಹೆಸರು ಅದು. ಅವರ ತಾತ ಇಲ್ಲೇ ಕೆಳಗಿನ ಕೆರೆಗೆ ನೀರುಗಂಟಿ ಆಗಿದ್ದರಂತೆ. "ತಾತ ತೂಬು ಎತ್ತೋರು, ನಾನು ವಾಲ್ವ್ ತಿರುಗಿಸ್ತೀನಿ. ಬೈಗುಳ ಮಾತ್ರ ಅವೇ ಮೇಡಂ" ಅನ್ನುತ್ತಾರೆ.

ಈಗ ಆ ಒಂದು ಇಂಚಿನ ವಿಷಯ.

ನಮ್ಮಲ್ಲಿ ಸೈಟಿಗೆ ಒಂದು ಅರ್ಧ ಇಂಚಿನ ಕನೆಕ್ಷನ್ ಅಂತ ನಿಯಮ. ಮೂಲೆ ಸೈಟಿನ ಯಜಮಾನರು ನಾಲ್ಕು ಮಹಡಿ ಎಬ್ಬಿಸಿ ಪಿಜಿ ಮಾಡಲು ಹೊರಟಿದ್ದರು. ಅರವತ್ತು ಹಾಸಿಗೆ. ಅರ್ಧ ಇಂಚು ಸಾಲುವುದಿಲ್ಲ, ಒಂದು ಇಂಚು ಕೊಡಿ, ಎಷ್ಟು ದುಡ್ಡಾದರೂ ಕಟ್ಟುತ್ತೇನೆ ಅಂದರು. ಅರ್ಧದ ಎರಡರಷ್ಟು ತಾನೇ ಅಂತ ನಮ್ಮ ಅಧ್ಯಕ್ಷರು ಸ್ವಲ್ಪ ಮೆತ್ತಗಾದರು. ಮೇಷ್ಟ್ರು ಕೂತಲ್ಲೇ ಪಾಠ ಶುರು ಮಾಡಿದರು. ಪೈಪಿನ ಅಗಲ ಎರಡರಷ್ಟಾದರೆ ಬಾಯಿ ನಾಲ್ಕರಷ್ಟಾಗುತ್ತದೆ ಸಾರ್, ಅಂದರು. ಆಮೇಲೆ ನನ್ನ ಪುಸ್ತಕದ ಅಂಚಿನಲ್ಲೇ ಲೆಕ್ಕ ಹಾಕಿದರು, ಆ ಪೆನ್ಸಿಲ್ ಗುರುತು ಇನ್ನೂ ಇದೆ. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಎಂಜಿನಿಯರುಗಳು ಹಿಡಿಯುವ ಅಳತೆ. ನಾಲ್ಕು ಜನರ ಮನೆಗೆ 540. ಅರವತ್ತು ಜನಕ್ಕೆ 8,100. ಅಂದರೆ ಆ ಒಂದು ಕಟ್ಟಡ ಹದಿನೈದು ಮನೆಗೆ ಸಮ. ಆಗ ನಮ್ಮಲ್ಲಿ ಸುಮಾರು 150 ಮನೆ. ದಿನಕ್ಕೆ ಒಂದು ಸಲ ಟ್ಯಾಂಕು ತುಂಬಿಸುವುದಕ್ಕೇ ಎರಡು ಬೋರೂ ಏದುಸಿರು ಬಿಡುತ್ತಿದ್ದವು.

ಹಾಗಾಗಿ ಉತ್ತರ 'ಇಲ್ಲ' ಅಂತಲೇ ಇತ್ತು. ಅದನ್ನು ಹೇಳುವವರು ಯಾರು ಅನ್ನುವುದೇ ತೊಡಕು.

ಜಲಮಂಡಳಿಯ ಕಚೇರಿ ಕಾವೇರಿ ಭವನದಲ್ಲಿ ಕೂತವರು ಇಲ್ಲ ಅಂದರೆ ಅದು ಒಂದು ಕಾಗದ. ಅದಕ್ಕೊಂದು ನಂಬರ್ ಇರುತ್ತದೆ, ಸೀಲ್ ಇರುತ್ತದೆ, ಬೈಯಬೇಕು ಅಂದರೂ ಮುಖ ಇರುವುದಿಲ್ಲ. ನಾವು ಇಲ್ಲ ಅಂದರೆ ಬೆಳಗ್ಗೆ ಆರೂವರೆಗೆ ನಂದಿನಿ ಬೂತಿನಲ್ಲಿ ಅದೇ ಮನುಷ್ಯ ನನ್ನ ಹಿಂದೆ ನಿಂತಿರುತ್ತಾರೆ. ಅವರ ಹೆಂಡತಿ ವರಮಹಾಲಕ್ಷ್ಮಿ ಹಬ್ಬಕ್ಕೆ ನನಗೆ ಕುಂಕುಮಕ್ಕೆ ಹೇಳಿರುತ್ತಾರೆ. ಸಣ್ಣ ಊರಿನ ಸಣ್ಣ ಮಂಡಳಿಯ ಕಷ್ಟ ಪಂಪು ಪೈಪಿನದ್ದಲ್ಲ. ನಾಳೆ ಮುಖ ನೋಡಬೇಕಾದವರಿಗೆ ಇವತ್ತು ಇಲ್ಲ ಅನ್ನುವುದು.

ನಾನೇ ಹೇಳಿದೆ. ಅರ್ಧ ಇಂಚು ಕೊಡುತ್ತೇವೆ, ಜಾಸ್ತಿ ಬೇಕಾದರೆ ಟ್ಯಾಂಕರ್ ಹಾಕಿಸಿಕೊಳ್ಳಿ ಅಂದೆ. "ಆಯ್ತು ಬಿಡಿ ಮೇಡಂ, ನಮ್ಮ ದಾರಿ ನಾವು ನೋಡ್ಕೋತೀವಿ" ಅಂದರು. ಸಿಟ್ಟಿರಲಿಲ್ಲ ಧ್ವನಿಯಲ್ಲಿ. ಅದೇ ಸ್ವಲ್ಪ ಹೆದರಿಕೆ ಹುಟ್ಟಿಸಿತು.

ನಾಲ್ಕನೇ ವಿಷಯಕ್ಕೆ ಬಂದಾಗ ಪಾರ್ಕಿನ ಬೆಂಚುಗಳು ತುಂಬಿದ್ದವು. ನೀರಿನ ವಿಷಯಕ್ಕೆ ಬಾರದವರೂ ಟವರ್ ಅಂದ ಕೂಡಲೇ ಬಂದಿದ್ದರು.

ನಮ್ಮ ಲೇಔಟು ಕೆರೆಯ ಕಡೆಗೆ ಇಳಿಜಾರಿನಲ್ಲಿದೆ. ಸಿಗ್ನಲ್ ಬರುವುದೇ ಇಲ್ಲ. ಒಟಿಪಿ ಬೇಕು ಅಂದರೆ ಟೆರೇಸಿಗೆ ಓಡಬೇಕು. ಕೋವಿಡ್ ಕಾಲದಲ್ಲಿ ಮಕ್ಕಳು ಸಿಂಟೆಕ್ಸಿನ ನೆರಳಿನಲ್ಲಿ ಚಾಪೆ ಹಾಸಿಕೊಂಡು ಆನ್‌ಲೈನ್ ಕ್ಲಾಸ್ ಕೇಳಿದವರು. ಗ್ಯಾಸ್ ತರುವ ಹುಡುಗ ಗೇಟಿನ ಮುಂದೆ ನಿಂತು ಫೋನ್ ಮಾಡಿ ಮಾಡಿ ವಾಪಸ್ ಹೋಗಿಬಿಡುತ್ತಿದ್ದ. ಹಾಗಾಗಿ ಬೇಕು ಅನ್ನುವವರು ಇದ್ದರು. ಬೇಡ ಅನ್ನುವವರು ಜಾಸ್ತಿ ಗಟ್ಟಿಯಾಗಿ ಇದ್ದರು. ರೇಡಿಯೇಷನ್, ಕ್ಯಾನ್ಸರ್, ಗುಬ್ಬಚ್ಚಿ ಎಲ್ಲ ಬಂದವು. ಎಲ್ಲರಿಗಿಂತ ಜೋರಾಗಿ ವಿರೋಧಿಸುತ್ತಿದ್ದ ಯಜಮಾನರಿಗೆ ಮಧ್ಯದಲ್ಲಿ ಮಗನ ಫೋನ್ ಬಂತು. "ಹಲೋ... ಹಲೋ... ಕೇಳಿಸ್ತಾ ಇಲ್ಲ, ಒಂದ್ನಿಮಿಷ ಇರು" ಅಂತ ಸ್ಲೈಡಿನ ಮೆಟ್ಟಿಲು ಹತ್ತಿ ನಿಂತು ಮಾತಾಡಿದರು. ಇದನ್ನು ನಾನು ಮಿನಿಟ್ಸಿನಲ್ಲಿ ಬರೆದಿಲ್ಲ.

ಕಂಪನಿಯವನು ಕೊಡುತ್ತೇನೆ ಅಂದ ಬಾಡಿಗೆ ನಮ್ಮ ಎರಡು ಬೋರಿನ ಕರೆಂಟ್ ಬಿಲ್ಲಿಗೆ ಹೆಚ್ಚೂಕಮ್ಮಿ ಸಮ ಇತ್ತು. ಅದನ್ನು ಕೇಳಿದ ಮೇಲೆ ಖಜಾಂಚಿ ಹುಡುಗನ ಮುಖ ಅರಳಿತು. ಪ್ರತಿ ತಿಂಗಳು ಮನೆಮನೆಗೂ ವಾಟ್ಸಾಪಿನಲ್ಲಿ ಕೈಮುಗಿಯುವ ಕೆಲಸ ಅವನದು, ಪಾಪ.

ಇಲ್ಲಿ ಒಂದು ಮಾತು. ಇದಕ್ಕೆ ಎರಡು ವರ್ಷ ಮೊದಲು ನಮಗೆ ಇನ್ನೊಂದು ಕಾಗದ ಬಂದಿತ್ತು. ಟವರ್ ಹಾಕುತ್ತೇವೆ, ಇಷ್ಟು ಲಕ್ಷ ಮುಂಗಡ, ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಎನ್‌ಒಸಿ ಇದೆ, ನೋಂದಣಿಗೆ ಮಾತ್ರ ಇಷ್ಟು ಸಾವಿರ ಕಳಿಸಿ ಅಂತ. ಅದು ಶುದ್ಧ ಮೋಸ. ಟವರ್ ಹಾಕಲು ಟ್ರಾಯ್ ಯಾವ ಎನ್‌ಒಸಿಯನ್ನೂ ಕೊಡುವುದಿಲ್ಲ. ನಿಜವಾದ ಕಂಪನಿ ನಿಮಗೆ ದುಡ್ಡು ಕೊಡುತ್ತದೆ, ನಿಮ್ಮ ಹತ್ತಿರ ಕೇಳುವುದಿಲ್ಲ. ಊರಲ್ಲಿ ಖಾಲಿ ಸೈಟಿಟ್ಟುಕೊಂಡ ಚಿಕ್ಕಪ್ಪನೋ ಮಾವನೋ ಇದ್ದರೆ ದಯವಿಟ್ಟು ಒಂದು ಮಾತು ಹೇಳಿಡಿ.

ಮತ್ತೆ ಪಾರ್ಕಿಗೆ. ಮೇಷ್ಟ್ರು ಟಾರ್ಚ್ ತರಿಸಿದರು. ಟ್ಯಾಂಕಿನ ಮೇಲಿನ ಆಂಟೆನಾ ಅಂದರೆ ಇದು ಅಂತ ತಲೆಯ ಮೇಲೆ ಹಿಡಿದು, ಅಡ್ಡಕ್ಕೆ ಬೆಳಕು ಬಿಟ್ಟರು. "ನೋಡಿ, ಬೆಳಕು ಎಲ್ಲಿ ಬಿತ್ತು? ಎದುರಿನ ಗೋಡೆ ಮೇಲೆ. ನನ್ನ ಕಾಲ ಹತ್ತಿರ ಎಷ್ಟಿದೆ? ಆಂಟೆನಾದ ಬುಡದಲ್ಲಿ ಇರೋರಿಗಿಂತ, ಅದರ ಎತ್ತರಕ್ಕೇ ಎದುರಿಗೆ ಇರೋರಿಗೆ ಜಾಸ್ತಿ." ಭಾರತದಲ್ಲಿ 2012ರ ಸೆಪ್ಟೆಂಬರಿನಿಂದ ಟವರುಗಳ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿದ್ದಾರೆ ಅಂತಲೂ ಹೇಳಿದರು. ಯಾರೂ ನಂಬಿದ ಹಾಗೆ ಕಾಣಲಿಲ್ಲ. ಹೆದರಿಕೆಗೆ ಟಾರ್ಚ್ ಬಿಟ್ಟರೆ ಹೋಗುವುದಿಲ್ಲ.

ಆ ಇಡೀ ಸಭೆಯಲ್ಲಿ ಒಳ್ಳೆಯ ಪ್ರಶ್ನೆ ಕೇಳಿದ್ದು ನೀರುಗಂಟಿ. ಅವರು ಬೆಂಚಿನ ಮೇಲೆ ಕೂರುವುದಿಲ್ಲ, ಪಂಪ್‌ರೂಮಿನ ಕಟ್ಟೆಯ ಮೇಲೆ ಕೂತಿದ್ದರು. "ಮೂರು ತಿಂಗಳಿಗೆ ಒಂದು ಸಲ ಟ್ಯಾಂಕ್ ತೊಳೆಯಕ್ಕೆ ನಾನು ಹತ್ತುತೀನಿ. ಒಳಗಿಳಿದು ಉಜ್ಜಿ, ಬ್ಲೀಚಿಂಗ್ ಪೌಡರ್ ಹಾಕಿ ಬರೋಕೆ ಅರ್ಧ ದಿನ. ಅಷ್ಟು ಹೊತ್ತು ಅದನ್ನ ಆಫ್ ಮಾಡೋರು ಯಾರು?" ಕಂಪನಿಯವನು ಫೈಲು ತಿರುವಿದ. ಅದರಲ್ಲಿ ಉತ್ತರ ಇರಲಿಲ್ಲ. ಕೇಳಿ ಹೇಳ್ತೀನಿ ಅಂದ.

ಆಗ ಹಿಂದಿನ ಬೆಂಚಿನಿಂದ ವಕೀಲರ ಅಜ್ಜ ಎದ್ದರು. ಎಂಬತ್ತು ದಾಟಿದವರು, ಮಾತು ನಿಧಾನ. "ಎಲ್ಲಾ ಸರಿ. ಟ್ಯಾಂಕು ಯಾರದು?"

ನಮ್ಮದು ಅಂತ ನಾಲ್ಕೈದು ಜನ ಒಟ್ಟಿಗೆ ಅಂದರು.

"ಪತ್ರ ಎಲ್ಲಿದೆ?"

ಪತ್ರ ಹುಡುಕಲು ಮೂರು ವಾರ ಹಿಡಿಯಿತು. ಕೊನೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ನಕಲು ತೆಗೆಸಿದೆವು. ಲೇಔಟಿಗೆ ಮಂಜೂರಾತಿ ಕೊಡುವಾಗಲೇ ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಜಾಗ ಎಲ್ಲವನ್ನೂ ಯೋಜನಾ ಪ್ರಾಧಿಕಾರಕ್ಕೆ ಬರೆದುಕೊಡಬೇಕು. ಬರೆದುಕೊಟ್ಟಿದ್ದರು. ಟ್ಯಾಂಕು ನಿಂತಿರುವುದು ಪಾರ್ಕಿನಲ್ಲಿ. ಹದಿನಾಲ್ಕು ವರ್ಷ ನಾವು ಕರೆಂಟ್ ಬಿಲ್ ಕಟ್ಟಿ, ಮೋಟಾರು ಸುಟ್ಟಾಗ ರಿವೈಂಡ್ ಮಾಡಿಸಿ, ಸುಣ್ಣ ಬಳಿಸಿ, ಯುಗಾದಿಗೆ ಮಾವಿನ ತೋರಣ ಕಟ್ಟಿದ ಟ್ಯಾಂಕು ಕಾಗದದಲ್ಲಿ ನಮ್ಮದಲ್ಲ. ನೀರು ಬರಲಿಲ್ಲ ಅಂದರೆ ಬೈಸಿಕೊಳ್ಳಲು ನಾವು. ಬಾಡಿಗೆಗೆ ಕೊಡಲು ನಾವಲ್ಲ.

ನಾಲ್ಕನೇ ವಿಷಯ ಅಲ್ಲಿಗೆ ಮುಗಿಯಿತು. ಕಂಪನಿಯವನು ಸಭ್ಯ ಹುಡುಗ, ನಮ್ಮ ಮನೆಯಲ್ಲಿ ಕಾಫಿ ಕುಡಿದು ಹೋದ.

ಆ ಡಿಸೆಂಬರಿನಲ್ಲಿ ಮೂಲೆ ಸೈಟಿಗೆ ಬೋರ್ ಕೊರೆಯುವ ಲಾರಿ ಬಂತು. ಎರಡು ರಾತ್ರಿ ಯಾರಿಗೂ ನಿದ್ದೆ ಇಲ್ಲ. 1,200 ಅಡಿಗೆ ನೀರು ಸಿಕ್ಕಿತು ಅಂತ ಸುದ್ದಿ. ಒಂದು ತಿಂಗಳೊಳಗೆ ನಮ್ಮ ಎರಡನೇ ಬೋರು ಎರಡು ಇಂಚಿನಿಂದ ಒಂದಕ್ಕೆ ಇಳಿಯಿತು. ಅದರಿಂದಲೇ ಇಳಿದದ್ದು ಅಂತ ನಾನು ಹೇಳಲಾರೆ. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಆದರೆ ಬಂಡೆಯ ಬಿರುಕುಗಳಲ್ಲಿ ಹರಿಯುವ ನೀರಿಗೆ ಸೈಟಿನ ಕಾಂಪೌಂಡು ಗೊತ್ತಿಲ್ಲ ಅಲ್ವಾ. ಮೇಲಿನಿಂದ ಒಂದು ಇಂಚು ಕೊಡುವುದಿಲ್ಲ ಅಂದೆವು. ಕೆಳಗಿನಿಂದ ಅದು ಹೋಯಿತೋ ಏನೋ.

2024ರ ಮಾರ್ಚ್ ಎಲ್ಲರಿಗೂ ನೆನಪಿರುತ್ತದೆ. ಉಪಮುಖ್ಯಮಂತ್ರಿಗಳೇ ತಮ್ಮ ಮನೆಯ ಬೋರ್‌ವೆಲ್ ಬತ್ತಿದೆ ಅಂದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಬಂತು. 12,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತು. ದರದ ಪಟ್ಟಿ ಪೇಪರಿನಲ್ಲಿ ಬಂತು, ಟ್ಯಾಂಕರು ನಮ್ಮ ಲೇಔಟಿಗೆ ಬರಲಿಲ್ಲ. ನಾವು ಎರಡು ದಿನಕ್ಕೊಮ್ಮೆ ಮುಕ್ಕಾಲು ಗಂಟೆ ನೀರು ಬಿಟ್ಟೆವು. ಕ್ರಾಸಿಗೆ ಇಷ್ಟು ನಿಮಿಷ ಅಂತ ನೀರುಗಂಟಿ ಕೈಯಲ್ಲಿ ಗಡಿಯಾರ ಹಿಡಿದು ವಾಲ್ವ್ ತಿರುಗಿಸುತ್ತಿದ್ದರು. ಗದ್ದೆಯ ಮಡಿಗೆ ಇಷ್ಟು ಹೊತ್ತು ಅಂತ ಅವರ ತಾತ ಮಾಡುತ್ತಿದ್ದ ಹಾಗೆ.

ಅದೇ ಬೇಸಿಗೆ ಕಳೆಯುವ ಹೊತ್ತಿಗೆ ಪಿಜಿಯ ಟೆರೇಸಿನ ಮೇಲೆ ಮೂರು ಕಂಬ ಎದ್ದವು. ಉದ್ದನೆಯ ಬಿಳಿ ಡಬ್ಬಗಳು, ಕಪ್ಪು ಕೇಬಲ್ಲು, ಕೆಳಗೆ ಒಂದು ಕಬ್ಬಿಣದ ಬೀರು. ಹೌದು, ಅದೇ ಆಂಟೆನಾ. ನಮ್ಮ ಟ್ಯಾಂಕಿಗೆ ಬರಬೇಕಿದ್ದದ್ದು. ಸ್ವಂತ ಕಟ್ಟಡ, ಸ್ವಂತ ಪತ್ರ, ಸಹಿ ಹಾಕಲು ಒಬ್ಬರೇ. ಟ್ಯಾಂಕಿನ ಮೇಲೆ ಇದ್ದಿದ್ದರೆ ಅದು ಎಲ್ಲರ ತಲೆಯ ಮೇಲೆ ಹಾದು ಹೋಗುತ್ತಿತ್ತು. ಈಗ ಅದು ಎದುರು ಸಾಲಿನ ಮನೆಗಳ ಮೂರನೇ ಮಹಡಿಗೆ ನೇರಕ್ಕಿದೆ. ಸ್ಲೈಡ್ ಹತ್ತಿ ಮಾತಾಡಿದ ಯಜಮಾನರ ಮಲಗುವ ಕೋಣೆಯ ಕಿಟಕಿಯೂ ಆ ಸಾಲಿನಲ್ಲೇ ಇದೆ. ಮೇಷ್ಟ್ರು ಟಾರ್ಚ್ ಬಿಟ್ಟ ಗೋಡೆ ಅದು, ಕರಾರುವಾಕ್ಕಾಗಿ.

ಆ ಸೆಪ್ಟೆಂಬರಿನಲ್ಲಿ ನಾನು ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋದೆ. ಅಯೋವಾ ರಾಜ್ಯದ ಒಂದು ಸಣ್ಣ ಊರು, ಸುತ್ತ ಮುಸುಕಿನ ಜೋಳದ ಹೊಲ. ನಮ್ಮ ಕಡೆಯ ಹೋಬಳಿ ಊರಿನಷ್ಟು ಜನ ಇರಬಹುದು. ಊರು ಬರುವುದಕ್ಕೆ ಮೊದಲೇ ದೂರದಿಂದ ಕಾಣುವುದು ನೀರಿನ ಟ್ಯಾಂಕು, ಅದರ ಹೊಟ್ಟೆಯ ಮೇಲೆ ದೊಡ್ಡದಾಗಿ ಊರಿನ ಹೆಸರು. ನಮ್ಮೂರುಗಳಲ್ಲಿ ಗೋಪುರ ಕಂಡ ಹಾಗೆ. ಕತ್ತಿನ ಸುತ್ತ ಆಂಟೆನಾಗಳು ಕಟ್ಟಿಕೊಂಡಿದ್ದವು. ಅದನ್ನು ನೋಡಿದ್ದೇ ನನಗೆ ಹೊಟ್ಟೆಯೊಳಗೆ ಏನೋ ಆಯಿತು.

ಅಳಿಯನಿಗೆ ನನ್ನ ಹುಚ್ಚು ಗೊತ್ತು. ಒಂದು ಸಂಜೆ ಊರಿನ ನೀರು ನೋಡಿಕೊಳ್ಳುವ ಯುಟಿಲಿಟಿ ಬೋರ್ಡಿನ ಸಭೆಗೆ ಕರೆದುಕೊಂಡು ಹೋದ. ಯಾರು ಬೇಕಾದರೂ ಹೋಗಿ ಕೂರಬಹುದು. ಏನೇನು ಚರ್ಚೆ ಅನ್ನುವ ಪಟ್ಟಿಯನ್ನು ಕನಿಷ್ಠ 24 ಗಂಟೆ ಮೊದಲು ಎಲ್ಲರಿಗೂ ಕಾಣುವ ಹಾಗೆ ಹಚ್ಚಬೇಕು ಅಂತ ಅಲ್ಲಿನ ಕಾನೂನು. ಬೋರ್ಡಿನಲ್ಲಿ ಮೂವರೋ ಐವರೋ ಟ್ರಸ್ಟಿಗಳು ಇರಬಹುದಂತೆ, ಮೇಯರ್ ನೇಮಿಸಿ ಕೌನ್ಸಿಲ್ ಒಪ್ಪಬೇಕು. ಇಲ್ಲಿ ಮೂವರಿದ್ದರು. ಟ್ಯೂಬ್‌ಲೈಟು, ಮಡಚುವ ಕುರ್ಚಿ, ಥರ್ಮಾಸಿನಲ್ಲಿ ಕಹಿ ಕಾಫಿ. ಮಿನಿಟ್ಸ್ ಬರೆಯುತ್ತಿದ್ದವರು ನನ್ನ ವಯಸ್ಸಿನ ಹೆಂಗಸು. ನಾನು ಇಡೀ ಸಭೆ ಅವರ ಕೈಯನ್ನೇ ನೋಡುತ್ತಾ ಕೂತಿದ್ದೆ.

ಪಟ್ಟಿಯಲ್ಲಿ ಎರಡು ಅರ್ಜಿ ಇದ್ದವು. ಊರಿನ ಗಡಿಯ ಆಚೆ ಮನೆ ಕಟ್ಟಿದ ಒಬ್ಬರಿಗೆ ನೀರು ಬೇಕು. ಹೊಲಗಳಲ್ಲಿರುವ ಮನೆಗಳಿಗೆ ಇಂಟರ್‌ನೆಟ್ ಕೊಡುವ ಸಣ್ಣ ಕಂಪನಿಗೆ ಟ್ಯಾಂಕಿನ ಮೇಲೆ ಇನ್ನೊಂದು ಆಂಟೆನಾ ಬೇಕು. ಅಳಿಯನ ಮುಖ ನೋಡಿದೆ. ಅವನು ನಗುತ್ತಿದ್ದ.

ನೀರು ಕೇಳಿದವರಿಗೆ, ಅಲ್ಲಿಯವರೆಗೆ ಪೈಪು ಎಳೆಯುವ ಖರ್ಚು ಯಾರದು ಅನ್ನುವುದು ಇತ್ಯರ್ಥವಾಗಲಿ ಅಂತ ಮುಂದಿನ ತಿಂಗಳಿಗೆ ಹಾಕಿದರು. ಕೇಳಿದವರೂ ಅಲ್ಲೇ ಕೂತಿದ್ದರು. ಸಭೆ ಮುಗಿದ ಮೇಲೆ ಟ್ರಸ್ಟಿಯೊಬ್ಬರು ಅವರ ಕಾರಿನ ತನಕ ಹೋಗಿ ಇನ್ನೂ ಹತ್ತು ನಿಮಿಷ ಮಾತಾಡಿದರು. ನಂದಿನಿ ಬೂತು ಅಲ್ಲಿಯೂ ಇದೆ, ಹೆಸರು ಬೇರೆ ಅಷ್ಟೇ.

ಆಂಟೆನಾ ವಿಷಯದಲ್ಲಿ ವಿಕಿರಣದ ಮಾತೇ ಬರಲಿಲ್ಲ. 1996ರ ಅವರ ಟೆಲಿಕಾಂ ಕಾನೂನಿನ ಪ್ರಕಾರ, ಅಲೆಗಳು ಸರ್ಕಾರದ ಮಿತಿಯೊಳಗಿದ್ದರೆ ಅದರ ಭಯ ಹೇಳಿ ಊರಾಡಳಿತ ಟವರ್ ತಡೆಯುವಂತಿಲ್ಲ ಅಂತ ಅಳಿಯ ಆಮೇಲೆ ಹೇಳಿದ. ಆದರೆ ಸ್ವಂತ ಟ್ಯಾಂಕನ್ನು ಬಾಡಿಗೆಗೆ ಕೊಡುವುದು ಬಿಡುವುದು ಅವರಿಷ್ಟ. ಅವರು ಕೇಳಿದ್ದು ಬೇರೆಯದೇ. ಟ್ಯಾಂಕಿನ ಮೈಗೆ ವೆಲ್ಡಿಂಗ್ ಮಾಡುತ್ತೀರಾ? ಮಾಡಿದರೆ ಒಳಗಿನ ಬಣ್ಣ ಸುಟ್ಟು ತುಕ್ಕು ಹಿಡಿಯುತ್ತದೆ. ಕೇಬಲ್ಲು ಏಣಿಗೆ ಅಡ್ಡ ಬರುತ್ತದಾ? ಮುಂದಿನ ಸಲ ಟ್ಯಾಂಕಿಗೆ ಬಣ್ಣ ಹೊಡೆಸುವಾಗ ನಿಮ್ಮ ಸಾಮಾನು ಇಳಿಸುವ ಖರ್ಚು ಯಾರದು? ಕೊನೆಗೆ ಅಂಗಿಯ ತೋಳು ಮಡಚಿದ್ದ ಒಬ್ಬರು, ನೀರಿನ ಕೆಲಸದವರಿರಬೇಕು, ಗೋಡೆಗೊರಗಿ ನಿಂತಲ್ಲಿಂದಲೇ ಕೇಳಿದರು. ನಾವು ಮೇಲೆ ಹತ್ತಿದಾಗ ಅದನ್ನು ಯಾರು ಆಫ್ ಮಾಡುತ್ತಾರೆ?

ನಮ್ಮ ನೀರುಗಂಟಿ ಕೇಳಿದ ಪ್ರಶ್ನೆಯೇ. ಅಕ್ಷರಕ್ಕೆ ಅಕ್ಷರ. ಅಲ್ಲಿ ಅದನ್ನು ಕರಾರಿನಲ್ಲಿ ಸೇರಿಸಿ ಅಂತ ಬರೆದುಕೊಂಡರು. ಇಪ್ಪತ್ತು ನಿಮಿಷದಲ್ಲಿ ಮೂವರೂ ಕೈ ಎತ್ತಿದರು. ಟ್ಯಾಂಕು ಯಾರದು ಅಂತ ಅಲ್ಲಿ ಯಾರೂ ಕೇಳಲಿಲ್ಲ.

ಆ ಊರಿನ ಮನೆಗಳಲ್ಲಿ ನನಗೆ ತುಂಬಾ ವಿಚಿತ್ರ ಅನಿಸಿದ್ದು ಇನ್ನೊಂದು. ಸಂಪ್ ಇಲ್ಲ, ಮೋಟಾರಿಲ್ಲ, ಮೇಲೆ ಸಿಂಟೆಕ್ಸ್ ಇಲ್ಲ. ಊರಿಗೆಲ್ಲ ಒಂದೇ ಟ್ಯಾಂಕು, ಅಲ್ಲಿಂದ ನೇರ ಅಡುಗೆಮನೆ ನಲ್ಲಿಗೆ. ಹತ್ತು ಮೀಟರ್ ಎತ್ತರಕ್ಕೆ ಒಂದು ಕೆ.ಜಿ. ಪ್ರೆಷರ್ ಅಂತ ನಮ್ಮ ಪ್ಲಂಬರುಗಳು ಹೇಳುತ್ತಾರಲ್ಲ, ಅದೇ ಲೆಕ್ಕ. ಎತ್ತರ ಇದ್ದರೆ ನೀರು ತಾನೇ ಹೋಗುತ್ತದೆ, ಸಿಗ್ನಲ್ಲೂ ತಾನೇ ಹೋಗುತ್ತದೆ. ಸುಮ್ನೆ ಯೋಚಿಸಿ ನೋಡಿ, ನೀರಿನ ಬೋರ್ಡಿನ ಹತ್ತಿರ ಮಾರುವುದಕ್ಕೆ ಇರುವುದು ನೀರು ಮಾತ್ರ ಅಲ್ಲ. ಎತ್ತರವೂ.

ಬೆಂಗಳೂರಿಗೆ ಮಾತ್ರ ಎತ್ತರವೇ ಶಾಪ. ಗುಡ್ಡದ ನೆತ್ತಿಯ ಮೇಲೆ ಕೂತ ಊರು, ಪಕ್ಕದಲ್ಲಿ ನದಿ ಇಲ್ಲ. 1896ರಲ್ಲಿ ಹೆಸರಘಟ್ಟದಿಂದ ಅರ್ಕಾವತಿಯ ನೀರು ಬಂದಾಗಲೂ ಸೋಲದೇವನಹಳ್ಳಿಯಲ್ಲಿ ಸ್ಟೀಮ್ ಎಂಜಿನ್ ಇಟ್ಟು ಮೇಲಕ್ಕೆ ತಳ್ಳಬೇಕಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಕೆಲಸ ಅದು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ. 1964ರಲ್ಲಿ ಜಲಮಂಡಳಿ. 1974ರಿಂದ ಕಾವೇರಿ, ಸುಮಾರು ನೂರು ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಸುಧಾರಿಸಿಕೊಂಡು, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬರುತ್ತದೆ. ಅಷ್ಟು ದೂರ ಹತ್ತಿ ಬಂದ ನೀರನ್ನು ನಾವು ಮತ್ತೆ ನೆಲದೊಳಗಿನ ಸಂಪಿಗೆ ಬೀಳಿಸಿ, ಮತ್ತೆ ಮೋಟಾರ್ ಹಾಕಿ ಟೆರೇಸಿಗೆ ಏರಿಸುತ್ತೇವೆ. ಮನೆಗೊಂದು ಮಂಡಳಿ.

2024ರ ಅಕ್ಟೋಬರ್ 16ಕ್ಕೆ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರ್, ಆ 110 ಹಳ್ಳಿಗಳಿಗೇ ಅಂತ. 2007ರಿಂದ ಲೆಕ್ಕ ಹಾಕಿದರೆ ಹದಿನೇಳು ವರ್ಷ. ನಾನು ಆಗ ಮೊಮ್ಮಗಳಿಗೆ ಎಣ್ಣೆ ಹಚ್ಚುತ್ತಾ ಫೋನಿನಲ್ಲಿ ಸುದ್ದಿ ನೋಡಿದೆ. ಲೇಔಟಿನ ಗ್ರೂಪಿನಲ್ಲಿ ಒಂದೇ ದಿನ ಮುನ್ನೂರು ಮೆಸೇಜು.

ವಾಪಸ್ ಬಂದ ಮೇಲೆ ನಮ್ಮ ಬೀದಿಯನ್ನು ಅಗೆದರು, ಮುಚ್ಚಿದರು, ಇನ್ನೊಂದು ಇಲಾಖೆಯವರು ಬಂದು ಮತ್ತೆ ಅಗೆದರು. ಆ ಕಥೆ ನಿಮಗೂ ಗೊತ್ತು, ಬಿಡಿ. ಖಾತೆ ನಕಲು, ಕಟ್ಟಡದ ಅಳತೆಗೆ ತಕ್ಕಂತೆ ಕಟ್ಟುವ ಪ್ರೊ-ರೇಟಾ ದುಡ್ಡು, ಮಳೆನೀರು ಕೊಯ್ಲಿನ ಫೋಟೋ ಎಲ್ಲ ಕೊಟ್ಟು, 2025ರ ಮಳೆಗಾಲದ ಹೊತ್ತಿಗೆ ನಮ್ಮ ಮನೆಯ ಮೀಟರ್ ಮುಳ್ಳು ತಿರುಗಿತು. ಟೈಲರಿಂಗ್ ಮೇಡಂ ಮೊದಲ ಕೊಡಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದರು. ಪಿಜಿಯವರಿಗೂ ಕಾವೇರಿ ಬಂತು. ಅವರಿಗೆ ಬೇಕಾದ ಇಂಚಿನದ್ದೇ ಸಿಕ್ಕಿತು ಅಂತ ಕೇಳಿದೆ. ಈಗ ಬೂತಿನಲ್ಲಿ ಅವರೇ ಮೊದಲು ಮಾತಾಡಿಸುತ್ತಾರೆ.

ನಮ್ಮ ಟ್ಯಾಂಕು ಹಾಗೇ ಇದೆ. ಪಾರ್ಕಿನ ಗಿಡಕ್ಕೆ, ಕಾವೇರಿ ಕೈಕೊಟ್ಟ ದಿನಕ್ಕೆ, ಅಂತ ವಾರಕ್ಕೆರಡು ಸಲ ತುಂಬಿಸುತ್ತೇವೆ. ಸಂಘಕ್ಕೆ ಈಗ ಕೆಲಸ ಕಡಿಮೆ. ಮಿನಿಟ್ಸ್ ಪುಸ್ತಕದಲ್ಲಿ ಮೂರು ತಿಂಗಳಿಗೆ ಒಂದು ಪುಟ ತುಂಬಿದರೆ ಹೆಚ್ಚು.

ಮೊನ್ನೆ ನೀರುಗಂಟಿ ಟ್ಯಾಂಕ್ ತೊಳೆಯಲು ಹತ್ತಿದ್ದರು. ನಾನು ಅಡುಗೆಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಫೋನ್ ಬಂತು.

"ಮೇಡಂ, ತೊಳ್ದಾಯ್ತು. ಮೋಟಾರ್ ಹಾಕ್ಲಾ?"

ಧ್ವನಿ ಎಷ್ಟು ಸ್ಪಷ್ಟ ಅಂದರೆ, ಒಗ್ಗರಣೆ ಸೌಟು ಕೈಯಲ್ಲಿ ಹಿಡಿದೇ ಹಿಂದೆ ತಿರುಗಿ ನೋಡಿದೆ, ಬಾಗಿಲಲ್ಲೇ ನಿಂತಿದ್ದಾರೇನೋ ಅಂತ.

"ಎಲ್ಲಿದ್ದೀರಿ?"

"ಟ್ಯಾಂಕ್ ಮೇಲೇ ಇದೀನಿ. ಇಲ್ಲಿ ಫುಲ್ ಸಿಗ್ನಲ್ಲು ಮೇಡಂ. ಪಿಜಿ ಆಂಟೆನಾ ಎದುರಿಗೇ ಇದೆ, ಸಮ ಎತ್ತರಕ್ಕೆ."

"ಅಲ್ಲೇ ನಿಂತು ಮಾತಾಡ್ಬೇಡಿ, ಮೊದಲು ಇಳೀರಿ" ಅಂದೆ.